ಆರೈಕೆ ಅಂಕಣ: ನಳಿಕೆ, ಶಾಕ್, ಕ್ಯಾಮೆರಾ

ಹಿರಿಯರ ಆರೈಕೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ವೈದ್ಯರು ಮತ್ತು ನರ್ಸ್‌ಗಳ ತಂಡದ ಉತ್ತರ.

ಪ್ರಶ್ನೆ: ಅಮ್ಮನಿಗೆ 84. ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದಿದೆ. ಮಾತಿಲ್ಲ, ಹಾಸಿಗೆಯಿಂದ ಏಳುವುದಿಲ್ಲ, ಈಗ ಊಟಕ್ಕೂ ಸರಿಯಾಗಿ ಬಾಯಿ ತೆರೆಯುತ್ತಿಲ್ಲ. ಮೂಗಿನಿಂದ ರೈಲ್ಸ್ ಟ್ಯೂಬ್ (ಹೊಟ್ಟೆಗೆ ಆಹಾರ ಇಳಿಸುವ ನಳಿಕೆ) ಹಾಕಿಸೋಣ ಅನ್ನುತ್ತಾನೆ ಅಣ್ಣ. ನಾನು ಬೇಡ ಅಂದರೆ ‘ಹೆತ್ತವಳನ್ನು ಉಪವಾಸ ಕೆಡವುತ್ತೀಯಾ’ ಅನ್ನುತ್ತಾನೆ. ಯಾರು ಸರಿ?

ಉತ್ತರ: ಅಣ್ಣನ ಸಂಕಟ ಸರಿ, ಲೆಕ್ಕ ತಪ್ಪು.

ಆದರೆ ಟ್ಯೂಬಿನ ಜಗಳಕ್ಕೆ ಮೊದಲು ಒಮ್ಮೆ ಟಾರ್ಚ್ ಹಿಡಿದು ಅಮ್ಮನ ಬಾಯೊಳಗೆ ನೋಡಿ. ನಾಲಗೆಯ ಮೇಲೆ ಬಿಳಿ ಪದರ, ಹುಣ್ಣು, ಒಸಡಿಗೆ ಒತ್ತುವ ಹಲ್ಲಿನ ಸೆಟ್ಟು ಇದ್ದರೆ ಯಾರಿಗೂ ಬಾಯಿ ತೆರೆಯಲು ಮನಸ್ಸಾಗುವುದಿಲ್ಲ. ಕೊನೆಯ ಸಲ ಮಲವಿಸರ್ಜನೆ ಆಗಿದ್ದು ಯಾವತ್ತು, ಮಂಪರು ತರುವ ಮಾತ್ರೆ ಇತ್ತೀಚೆಗೆ ಏನಾದರೂ ಶುರುವಾಗಿದೆಯೇ ಎಂಬುದನ್ನೂ ಗಮನಿಸಿ. ಇವೆಲ್ಲ ಸರಿಪಡಿಸಬಹುದಾದ ಕಾರಣಗಳು.

ಅವು ಯಾವುವೂ ಅಲ್ಲದಿದ್ದರೆ ಹಸಿವು ಇಂಗುತ್ತಿರುವುದು ಕಾಯಿಲೆಯಿಂದಲೇ. ಈ ಹಂತದ ಡಿಮೆನ್ಷಿಯಾದಲ್ಲಿ ಟ್ಯೂಬಿನಿಂದ ಆಯಸ್ಸು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಹಾಸಿಗೆ ಹುಣ್ಣು ಬೇಗ ಮಾಯುತ್ತದೆ ಎನ್ನಲೂ ಇಲ್ಲ. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದನ್ನು ಟ್ಯೂಬ್ ತಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತಡೆಯುವುದಿಲ್ಲ. ಬಾಯಿಯ ಜೊಲ್ಲು ತಪ್ಪುದಾರಿ ಹಿಡಿದು ಇಳಿಯುತ್ತಲೇ ಇರುತ್ತದೆ, ಹೊಟ್ಟೆಗೆ ಹಾಕಿದ ದ್ರವವೂ ಮೇಲಕ್ಕೆ ಬರುತ್ತದೆ. ಇನ್ನು ಮೂಗಿನಲ್ಲಿ ಅದೇನು ತುರುಕಿದ್ದಾರೆ ಎಂದು ಅರ್ಥವಾಗದ ರೋಗಿ ಅದನ್ನು ಕಿತ್ತುಹಾಕುತ್ತಾರೆ. ಮತ್ತೆ ಹಾಕುತ್ತಾರೆ, ಮತ್ತೆ ಕೀಳುತ್ತಾರೆ. ಮೂರನೆಯ ಸಲಕ್ಕೆ ಕೈಗೆ ದಪ್ಪ ಗವಸು ಬರುತ್ತದೆ, ಆಮೇಲೆ ಕೈಯನ್ನೇ ಮಂಚಕ್ಕೆ ಕಟ್ಟುತ್ತಾರೆ. ಅಣ್ಣನಿಗೆ ಟ್ಯೂಬನ್ನು ಮಾತ್ರ ತೋರಿಸಬೇಡಿ, ಈ ಗವಸನ್ನೂ ತೋರಿಸಿ.

ಟ್ಯೂಬ್ ಬೇಡ ಅಂದ ಮಾತ್ರಕ್ಕೆ ಊಟ ನಿಲ್ಲಿಸಬೇಕಾಗಿಲ್ಲ. ಕೈಯಾರೆ ಉಣಿಸಬಹುದು, ಅದಕ್ಕೊಂದು ಕ್ರಮವಿದೆ. ಅಮ್ಮ ಚೆನ್ನಾಗಿ ಎಚ್ಚರವಿರುವ ಹೊತ್ತನ್ನೇ ಆರಿಸಿಕೊಳ್ಳಿ. ಬೆನ್ನು ನೆಟ್ಟಗಿರಲಿ, ಗದ್ದ ತುಸು ಎದೆಯ ಕಡೆ ಬಾಗಿರಲಿ. ನೀವು ನಿಂತು ಉಣಿಸಿದರೆ ಅವರು ಕತ್ತು ಮೇಲೆತ್ತುತ್ತಾರೆ, ಕತ್ತು ಎತ್ತಿದಾಗಲೇ ಗಂಟಲಲ್ಲಿ ಆಹಾರ ದಾರಿ ತಪ್ಪುವುದು. ಹಾಗಾಗಿ ಅವರ ಕಣ್ಣಿನ ಎತ್ತರಕ್ಕೆ ಕೂತುಕೊಳ್ಳಿ. ಟೀ ಚಮಚದಲ್ಲಿ ಅರ್ಧ, ಅಷ್ಟೇ. ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯುವುದು ಕಾಣುವವರೆಗೆ ಎರಡನೆಯ ಚಮಚ ಎತ್ತಬೇಡಿ. ನಡುನಡುವೆ ಕೆನ್ನೆಯೊಳಗೆ ತುತ್ತು ಉಳಿದಿದೆಯೇ ನೋಡಿ. ಕೆಮ್ಮು ಬಂದರೆ, ದನಿ ನೀರು ತುಂಬಿದಂತೆ ಗರಗರ ಅಂದರೆ ಅಲ್ಲಿಗೆ ನಿಲ್ಲಿಸಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ದಿನಕ್ಕೆರಡು ಸಲ ಹಲ್ಲು, ಒಸಡು, ನಾಲಗೆ ಒರೆಸಿ; ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಬೆಳೆಯುವುದು ಬಾಯಲ್ಲೇ. ಮುಖ ತಿರುಗಿಸಿದರೆ ‘ಸಾಕು’ ಎಂದರ್ಥ. ಆ ಹೊತ್ತಿಗೆ ನಾಲ್ಕೇ ಚಮಚ ಹೋಗಿದ್ದರೂ ಸರಿಯೇ. ಮೂಗು ಹಿಡಿದು ಬಾಯಿಗೆ ಸುರಿಯುವುದಂತೂ ಕೂಡದು.

ಟ್ಯೂಬೇ ತಪ್ಪು ಎಂದು ಇದನ್ನು ಓದಿಕೊಳ್ಳಬೇಡಿ. ಪಾರ್ಶ್ವವಾಯು ಹೊಡೆದು ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳಬಹುದಾದವರಿಗೆ, ಗಂಟಲ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿರುವವರಿಗೆ ಅದು ನಿಜಕ್ಕೂ ಆಸರೆ. ನಿಮ್ಮ ಮನೆಯಲ್ಲಿ ಒಮ್ಮತವೇ ಆಗದಿದ್ದರೆ ಗಡುವಿಟ್ಟು ನೋಡಬಹುದು: ಎರಡು ವಾರ ಟ್ಯೂಬ್, ಏನು ಸುಧಾರಿಸಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವುದು, ಅದು ಆಗದಿದ್ದರೆ ತೆಗೆಯುವುದು. ಹಾಕದೇ ಇರುವುದಕ್ಕಿಂತ ಹಾಕಿ ತೆಗೆಯುವುದು ಮನಸ್ಸಿಗೆ ಭಾರ ಅನ್ನಿಸುತ್ತದೆ ನಿಜ. ವೈದ್ಯಕೀಯ ನೀತಿಯಲ್ಲಿ ಎರಡಕ್ಕೂ ತೂಕ ಒಂದೇ.

ಪ್ರಶ್ನೆ: ಅಪ್ಪನ ಎದೆಯಲ್ಲಿ ಶಾಕ್ ಕೊಡುವ ಸಾಧನ (ಐಸಿಡಿ) ಇದೆ. ಹೃದಯ ಪೂರ್ತಿ ಸೋತಿದೆ, ಇನ್ನು ಕೆಲವೇ ವಾರ ಎಂದಿದ್ದಾರೆ. ಪ್ರಾಣ ಹೋಗುವಾಗ ಅದು ಶಾಕ್ ಕೊಡುತ್ತದೆಯೇ? ಆರಿಸಿದರೆ ನಾವೇ ಕೊಂದಂತೆ ಆಗುವುದಿಲ್ಲವೇ?

ಉತ್ತರ: ಕೊಡಬಹುದು. ಸಾಯುವ ಹೊತ್ತಿನಲ್ಲಿ ಹೃದಯದ ಲಯ ಕೆಡುವುದು ಸಾಮಾನ್ಯ. ಅದು ಸಾವು ಎಂದು ಸಾಧನಕ್ಕೆ ಗೊತ್ತಾಗುವುದಿಲ್ಲ, ಕೆಟ್ಟ ಲಯ ಎಂದಷ್ಟೇ ಗೊತ್ತು. ಶಾಕ್ ಬಿದ್ದವರು ಅದನ್ನು ಎದೆಗೆ ಒದ್ದಂತೆ ಎಂದು ಹೇಳುತ್ತಾರೆ. ಒಂದಾದ ಮೇಲೊಂದು ಬೀಳಬಹುದು, ಅಪ್ಪ ಎಚ್ಚರವಿರುವಾಗಲೇ ಬೀಳಬಹುದು.

ಆರಿಸುವುದು ಅಂದರೇನು ಎಂಬುದನ್ನು ಬಿಡಿಸಿ ನೋಡಿ. ಒಂದೇ ಡಬ್ಬಿಯಲ್ಲಿ ಎರಡು ಕೆಲಸಗಳಿರುತ್ತವೆ. ಬಡಿತ ತೀರಾ ನಿಧಾನವಾದಾಗ ಅದನ್ನು ಚುರುಕುಗೊಳಿಸುವುದು ಪೇಸಿಂಗ್; ಲಯ ಕೆಟ್ಟಾಗ ಹೊಡೆಯುವುದು ಶಾಕ್. ನಿಲ್ಲಿಸಬೇಕಾದದ್ದು ಎರಡನೆಯದನ್ನು ಮಾತ್ರ. ಅದು ನಿಂತ ಕ್ಷಣಕ್ಕೆ ಏನೂ ಆಗುವುದಿಲ್ಲ, ನೋವಿಲ್ಲ, ಗಾಯವಿಲ್ಲ. ಹೃದ್ರೋಗ ವಿಭಾಗದ ತಂತ್ರಜ್ಞರು ಪ್ರೋಗ್ರಾಮರ್ ಯಂತ್ರದಿಂದ ಚರ್ಮದ ಹೊರಗಿನಿಂದಲೇ ಸೆಟ್ಟಿಂಗ್ ಬದಲಿಸುತ್ತಾರೆ. ಅಪ್ಪ ತೀರಿಕೊಂಡರೆ ಅದು ಹೃದಯದ ಕಾಯಿಲೆಯಿಂದ. ಪೇಸಿಂಗನ್ನು ಹಾಗೇ ಬಿಡುವುದೇ ರೂಢಿ. ಅದನ್ನೇ ನೆಚ್ಚಿಕೊಂಡ ಹೃದಯದಲ್ಲಿ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಉಬ್ಬಸ ಬರಬಹುದು. ಇಟ್ಟುಕೊಂಡರೆ ಸಾವನ್ನು ಎಳೆದಾಡುತ್ತದೆ ಎಂಬ ಭಯ ಬೇಡ, ಸಾಯುತ್ತಿರುವ ಹೃದಯದ ಸ್ನಾಯು ಆ ಸಂಕೇತಕ್ಕೆ ಮಿಡಿಯುವುದನ್ನೇ ಬಿಡುತ್ತದೆ.

ಅಪ್ಪನಿಗೆ ತಿಳಿವಳಿಕೆ ಇದ್ದರೆ ನಿರ್ಧಾರ ಅವರದು. ನೀವು ತೀರ್ಮಾನಿಸಿ ಅವರಿಗೆ ತಿಳಿಸುವುದಲ್ಲ, ಅವರನ್ನು ಕೇಳಬೇಕು. ಸಾಧನ ಹಾಕುವ ದಿನವೇ ಡಾಕ್ಟರು ಈ ಮಾತು ತೆಗೆಯಬೇಕಿತ್ತು, ತೆಗೆಯುವವರು ಕಡಿಮೆ.

ಒಪ್ಪಿಗೆಯಾದರೆ ಇವತ್ತೇ ಫೋನ್ ಮಾಡಿ. ಬಹಳ ಮನೆಗಳಲ್ಲಿ ಎಡವಟ್ಟಾಗುವುದು ರಾತ್ರಿ, ರಜೆಯ ದಿನ. ಶಾಕ್ ಶುರುವಾಗಿರುತ್ತದೆ, ಪ್ರೋಗ್ರಾಮರ್ ಇರುವವರು ಸಿಗುವುದಿಲ್ಲ. ಅದಕ್ಕಾಗಿ ಉಂಗುರದಾಕಾರದ ವೈದ್ಯಕೀಯ ಮ್ಯಾಗ್ನೆಟ್ ಒಂದನ್ನು ಕೇಳಿ ಇಸಿದುಕೊಳ್ಳಿ. ಚರ್ಮದಡಿ ಉಬ್ಬಿರುವ ಸಾಧನದ ಮೇಲೆ ನೇರವಾಗಿ ಇಟ್ಟು ಪ್ಲಾಸ್ಟರ್ ಅಂಟಿಸಿದರೆ ಹೆಚ್ಚಿನ ಮಾದರಿಗಳಲ್ಲಿ ಶಾಕ್ ತಡೆಯುತ್ತದೆ, ಪೇಸಿಂಗ್ ನಡೆಯುತ್ತಿರುತ್ತದೆ. ಮ್ಯಾಗ್ನೆಟ್ ಜಾರಿದರೆ ಶಾಕ್ ಮತ್ತೆ ಚಾಲೂ. ನಿಮ್ಮ ಮಾದರಿಯಲ್ಲಿ ಹೇಗೆ ಎಂದು ಫೋನಿನಲ್ಲೇ ಕೇಳಿಬಿಡಿ. ಶಾಕ್ ಬೀಳುವಾಗ ಅಪ್ಪನ ಕೈ ಹಿಡಿದಿದ್ದರೆ ನಿಮಗೆ ಜುಮ್ ಅನ್ನಿಸೀತು, ಅಪಾಯವಿಲ್ಲ. ಕೈ ಬಿಡಬೇಡಿ.

ಕೇಳಲು ಕಷ್ಟದ ಮಾತಾದರೂ ಹೇಳಬೇಕು: ದಹನ ಮಾಡುವುದಾದರೆ ಸಾಧನವನ್ನು ಮೊದಲೇ ತೆಗೆಸಬೇಕು, ಬಿಸಿಗೆ ಬ್ಯಾಟರಿ ಸಿಡಿಯುತ್ತದೆ. ಶಾಕ್ ಆರಿಸದೆ ತೆಗೆಯಹೋದರೆ ತಂತಿ ಕತ್ತರಿಸುವವರಿಗೇ ಹೊಡೆಯಬಹುದು.

ಪ್ರಶ್ನೆ: ಒಂಟಿಯಾಗಿರುವ ಅತ್ತೆ ಎರಡು ಸಲ ಬಿದ್ದಿದ್ದಾರೆ. ಸಣ್ಣಪುಟ್ಟ ಮರೆವಿದೆ. ಹೇಳಿದರೆ ಒಪ್ಪುವುದಿಲ್ಲ ಎಂದು ಅವರ ಕೋಣೆಯಲ್ಲಿ ಗೊತ್ತಾಗದಂತೆ ಕ್ಯಾಮೆರಾ ಇಡುವ ಯೋಚನೆ. ತಪ್ಪೇ?

ಉತ್ತರ: ಕದ್ದು ಇಡುವುದು ತಪ್ಪು. ಸಣ್ಣಪುಟ್ಟ ಮರೆವು ಇದ್ದವರಿಗೆ ಯಾವ ನಿರ್ಧಾರವೂ ಬಾರದು ಎಂದಲ್ಲ. ಹೇಳಿದ್ದು ಅರ್ಥವಾಗುತ್ತದೆಯೇ, ಸ್ವಲ್ಪ ಹೊತ್ತು ನೆನಪಿನಲ್ಲಿ ನಿಲ್ಲುತ್ತದೆಯೇ, ಲಾಭ ನಷ್ಟ ತೂಗಬಲ್ಲರೇ, ಉತ್ತರ ತಿಳಿಸಬಲ್ಲರೇ ಎಂಬ ನಾಲ್ಕನ್ನು ನೋಡಿ, ಅದೂ ಈ ಒಂದು ವಿಷಯದ ಮಟ್ಟಿಗೆ. ಲೆಕ್ಕಪತ್ರ ನೋಡಲಾಗದವರು ‘ನಾನು ಬಟ್ಟೆ ಬದಲಿಸುವುದನ್ನು ಯಾರೂ ನೋಡಕೂಡದು’ ಎಂದು ಸ್ಪಷ್ಟವಾಗಿ ಹೇಳಬಲ್ಲರು.

ಜೊತೆಗೆ, ಕ್ಯಾಮೆರಾ ಬೀಳುವುದನ್ನು ತಡೆಯುವುದಿಲ್ಲ, ಬಿದ್ದದ್ದನ್ನು ತೋರಿಸುತ್ತದೆ, ಅದೂ ಯಾರಾದರೂ ನೋಡುತ್ತಿದ್ದರೆ. ನಿಮ್ಮ ಆತಂಕಕ್ಕೆ ಮದ್ದು ಬೇಕೋ, ಅತ್ತೆ ಬೀಳದಂತಾಗಬೇಕೋ? ಎರಡನೆಯದಾದರೆ ಮೊದಲು ಅವರನ್ನು ಮಲಗಿಸಿ ರಕ್ತದೊತ್ತಡ ನೋಡಿ, ಎದ್ದು ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20ರಷ್ಟು ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ತೋರಿಸಿ ಮಾತ್ರೆಗಳನ್ನು ಪರಿಶೀಲಿಸಬೇಕು. ಕಣ್ಣು, ಚಪ್ಪಲಿ, ಹಾಸಿಗೆಯಿಂದ ಬಚ್ಚಲಿಗೆ ರಾತ್ರಿ ದೀಪ, ಹಿಡಿಕೆ ಇವೆಲ್ಲ ಆಮೇಲೆ.

ಸಾಧನವೇ ಬೇಕೆಂದರೆ ಚಿತ್ರವಿಲ್ಲದ್ದು ಸಿಗುತ್ತದೆ: ಬಾಗಿಲ ಸೆನ್ಸರ್, ಬೆಳಿಗ್ಗೆ ಇಷ್ಟು ಹೊತ್ತಾದರೂ ಓಡಾಟವಿಲ್ಲ ಎಂದು ತಿಳಿಸುವ ಸೆನ್ಸರ್, ಒತ್ತಿದರೆ ಸಹಾಯಕ್ಕೆ ಕರೆ ಹೋಗುವ, ಕೊರಳಿಗೆ ಹಾಕುವ ಗುಂಡಿ. ಗುಂಡಿಯನ್ನು ಬಚ್ಚಲಿಗೆ ಹೋಗುವಾಗ ಬಿಚ್ಚಿಡುತ್ತಾರೆ, ಬೀಳುವುದು ಅಲ್ಲೇ. ನೀರು ತಾಗಿದರೂ ಕೆಡದ್ದನ್ನೇ ಕೊಳ್ಳಿ. ಅತ್ತೆ ಒಪ್ಪಿ ಕ್ಯಾಮೆರಾ ಇಟ್ಟರೂ ಮಲಗುವ ಕೋಣೆ, ಬಚ್ಚಲು ಬಿಡಿ, ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ, ಕುಟುಂಬದ ಗ್ರೂಪಿಗೆ ತುಣುಕು ಹಾಕಬೇಡಿ.

ಪ್ರಶ್ನೆ: ತಾತ ಕೊನೆಯ ದಿನಗಳಲ್ಲಿದ್ದಾರೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ 84, 79, ಮತ್ತೆ 88 ತೋರಿಸುತ್ತದೆ. ಪ್ರತಿ ಸಲ ಮನೆಯವರೆಲ್ಲ ಓಡುತ್ತೇವೆ. ಏನು ಮಾಡಬೇಕು?

ಉತ್ತರ: ತೆಗೆದಿಡಿ. ಈ ಹೊತ್ತಿನಲ್ಲಿ ರಕ್ತ ಬೆರಳ ತುದಿಗೆ ಸರಿಯಾಗಿ ತಲುಪುವುದಿಲ್ಲ, ತಣ್ಣಗಾದ ಬೆರಳಿನ ಅಂಕಿ ನಂಬುವಂಥದ್ದಲ್ಲ. ಅದರ ಬದಲು ಹುಬ್ಬು ಗಂಟಿಕ್ಕಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಕತ್ತಿನ ಸ್ನಾಯು ಸೆಳೆಯುತ್ತಿದೆಯೇ ನೋಡಿ. ಇಲ್ಲದಿದ್ದರೆ ತಾತನಿಗೆ ಸಂಕಟವಿಲ್ಲ. ಇದ್ದರೆ ತಲೆಭಾಗ ಎತ್ತರಿಸಿ, ಸಣ್ಣ ಫ್ಯಾನಿನ ಗಾಳಿ ಮುಖಕ್ಕೆ ತಾಗಲಿ, ಡಾಕ್ಟರಿಗೆ ಹೇಳಿ ಅಲ್ಪ ಪ್ರಮಾಣದ ಮಾರ್ಫಿನ್ ಬರೆಸಿಕೊಳ್ಳಿ. ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಉಸಿರು ನಿಲ್ಲಿಸುವುದಿಲ್ಲ, ಉಬ್ಬಸ ತಗ್ಗಿಸುತ್ತದೆ. ಮಲಬದ್ಧತೆಗೆ ಔಷಧಿ ಜೊತೆಗೇ ಶುರುವಾಗಬೇಕು, ಕಿಡ್ನಿ ಸೋತಿದ್ದರೆ ಮೊದಲೇ ತಿಳಿಸಬೇಕು. ಗಂಟಲಲ್ಲಿ ಗೊರಗೊರ ಸದ್ದಾದರೆ ಪಕ್ಕಕ್ಕೆ ಹೊರಳಿಸಿ. ತುಟಿ, ನಾಲಗೆಯನ್ನು ಗಂಟೆಗೊಮ್ಮೆ ಒದ್ದೆ ಬಟ್ಟೆಯಿಂದ ತೇವ ಮಾಡುತ್ತಿರಿ.