ವಿಯೆಟ್ನಾಂನಲ್ಲಿ ಎಲ್ಲ ಫ್ಯಾಕ್ಟರಿಮಯ ಆಗಿರುವಾಗ ಕೃಷಿಗೆ ಏನು ಪಾತ್ರ ಉಳಿದಿದೆ?

ಸೆಮಿನಾರಿಗೆ ಬರೆಯಲು ನೀವು ಎರಡು ವಿಷಯ ಕೇಳಿದ್ದೀರಿ. ಮೊಬೈಲ್, ಬಟ್ಟೆ, ಶೂ ಮಾಡಿ ಜಗತ್ತಿಗೆಲ್ಲ ಮಾರುವ ವಿಯೆಟ್ನಾಂನಲ್ಲಿ ಕೃಷಿಗೆ ಈಗಲೂ ಮಹತ್ವ ಇದೆಯಾ ಅನ್ನೋದು ಒಂದು. ಕಾಫಿ, ಕಾಳುಮೆಣಸಿನಲ್ಲಿ ಅವರು ನಮ್ಮನ್ನು ಇಷ್ಟು ಹಿಂದೆ ಹಾಕಿದ್ದು ಹೇಗೆ ಅನ್ನೋದು ಇನ್ನೊಂದು. ಸಕಲೇಶಪುರದ ಕಡೆ ನಮ್ಮದು ರೋಬಸ್ಟಾ ಕಾಫಿ ಮತ್ತು ಮೆಣಸಿನ ತೋಟ. ವಿಯೆಟ್ನಾಂನಲ್ಲಿ ಮಳೆ ಹೆಚ್ಚಾದರೂ ಕಡಿಮೆಯಾದರೂ ನಮ್ಮೂರಿನ ವ್ಯಾಪಾರಿ ಹೇಳುವ ರೇಟು ಬದಲಾಗುತ್ತದೆ. ಹಾಗಾಗಿ ಆ ದೇಶದ ಬೇಸಾಯದ ಸುದ್ದಿಯನ್ನು ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. ಬೆಳೆಗಾರರ ತಂಡವೊಂದರ ಜೊತೆ ಅಲ್ಲಿನ ಕಾಫಿ ಸೀಮೆಯನ್ನೂ ನೋಡಿ ಬಂದಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಮಹತ್ವ ಇದೆ, ತುಂಬಾನೇ ಇದೆ. ಆದರೆ ಜಿಡಿಪಿಯ ಪಾಲು ಒಂದನ್ನೇ ನೋಡಿದರೆ ಅದು ಗೊತ್ತಾಗುವುದಿಲ್ಲ.

ಬೇಸಾಯ, ಅರಣ್ಯ, ಮೀನುಗಾರಿಕೆ ಮೂರೂ ಸೇರಿ ಈಗ ವಿಯೆಟ್ನಾಂ ಜಿಡಿಪಿಯ ಸುಮಾರು ಶೇ. 12. ಎಂಬತ್ತರ ದಶಕದ ಕೊನೆಯಲ್ಲಿ ಇದು ಶೇ. 40ರ ಮೇಲಿತ್ತು. ಇಷ್ಟು ನೋಡಿ ‘ಕೃಷಿ ಕಥೆ ಮುಗಿಯಿತು’ ಅಂದುಬಿಡಬೇಡಿ. ಕೆಲಸ ಮಾಡುವ ಜನರಲ್ಲಿ ಶೇ. 26ರಷ್ಟು ಮಂದಿ ಇನ್ನೂ ಹೊಲ, ತೋಟ, ಕೆರೆಗಳಲ್ಲೇ ಇದ್ದಾರೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. ಫ್ಯಾಕ್ಟರಿ, ಅಂಗಡಿ, ಆಫೀಸಿನಲ್ಲಿ ಇರುವವರು ತಲಾ 100 ರೂಪಾಯಿಯಷ್ಟು ಉತ್ಪಾದಿಸಿದರೆ, ಬೇಸಾಯದಲ್ಲಿ ಇರುವವರು 40ರ ಹತ್ತಿರ. ಹಳ್ಳಿಯ ಹುಡುಗ ಹುಡುಗಿಯರು ಬೈಕ್ ಹತ್ತಿ ಹೋ ಚಿ ಮಿನ್ ಸಿಟಿ ಕಡೆ, ಸ್ಯಾಮ್‌ಸಂಗ್ ಕಾರ್ಖಾನೆಗಳಿರುವ ಬಾಕ್ ನಿನ್ ಕಡೆ ಯಾಕೆ ಹೋಗುತ್ತಾರೆ ಅಂತ ಇದರಲ್ಲೇ ತಿಳಿಯುತ್ತದೆ.

ಈಗ ವ್ಯಾಪಾರದ ಲೆಕ್ಕ ನೋಡಿ. 2024ರಲ್ಲಿ ಕೃಷಿ, ಅರಣ್ಯ, ಮೀನು ಉತ್ಪನ್ನಗಳ ರಫ್ತು 62 ಬಿಲಿಯನ್ ಡಾಲರ್ ದಾಟಿತು. ದೇಶದ ಒಟ್ಟು ರಫ್ತು 400 ಬಿಲಿಯನ್‌ಗೂ ಜಾಸ್ತಿ. ಹಾಗಾಗಿ ಇದು ಸಣ್ಣ ಪಾಲು ಅನ್ನಿಸಬಹುದು. ಆದರೆ ಫೋನ್ ಜೋಡಿಸಿ ಮಾರಬೇಕಾದರೆ ಚಿಪ್, ಪರದೆ, ಬಿಡಿಭಾಗ ಎಲ್ಲ ಹೊರಗಿಂದ ತರಬೇಕು. ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಮತ್ತೆ ಹೊರಗೇ ಹೋಗುತ್ತದೆ. ಭತ್ತ, ಕಾಫಿ, ಮೀನಿನಲ್ಲಿ ಬಂದ ದುಡ್ಡು ಹೆಚ್ಚಾಗಿ ಒಳಗೇ ಉಳಿಯುತ್ತದೆ. ಆ ವರ್ಷ ದೇಶದ ಒಟ್ಟು ವ್ಯಾಪಾರದ ಉಳಿತಾಯ, ಅಂದರೆ ರಫ್ತಿನಲ್ಲಿ ಆಮದು ಕಳೆದು ಉಳಿದದ್ದು, ಸುಮಾರು 25 ಬಿಲಿಯನ್ ಡಾಲರ್. ಕೃಷಿ ವಲಯ ಒಂದರ ಉಳಿತಾಯವೇ ಸುಮಾರು 18 ಬಿಲಿಯನ್. ಪಶು ಆಹಾರಕ್ಕೆ ಸೋಯಾ, ಮೆಕ್ಕೆಜೋಳ, ಕಾರ್ಖಾನೆಗೆ ಹಸಿ ಗೋಡಂಬಿ ಇವೆಲ್ಲ ಹೊರಗಿಂದ ತಂದ ಖರ್ಚು ಕಳೆದ ಮೇಲೂ ಇಷ್ಟು. ಸೆಮಿನಾರಿಗೆ ಬರೆಯುವಾಗ ಈ ಅಂಕಿಯನ್ನು ಬಿಡಬೇಡಿ.

ಇದು ಸುಮ್ನೆ ಆದದ್ದಲ್ಲ. ನನಗೆ ಈ ದೇಶದ ಬಗ್ಗೆ ಗೌರವ ಬಂದಿದ್ದು ಅದರ ಹಿಂದಿನ ಕಥೆ ಓದಿದ ಮೇಲೆ.

ಉತ್ತರ ವಿಯೆಟ್ನಾಂನಲ್ಲಿ ಐವತ್ತರ ದಶಕದ ಕೊನೆಯಿಂದ ಜಮೀನೆಲ್ಲ ಸಹಕಾರ ಸಂಘದ್ದು. ಗಂಟೆ ಹೊಡೆದಾಗ ಎಲ್ಲರೂ ಗದ್ದೆಗೆ ಇಳಿಯಬೇಕು. ದುಡಿಮೆಗೆ ಪಾಯಿಂಟು. ಕೊಯ್ಲಾದ ಮೇಲೆ ಪಾಯಿಂಟಿನ ಲೆಕ್ಕದಲ್ಲಿ ಭತ್ತ. ಚೆನ್ನಾಗಿ ನಾಟಿ ಮಾಡಿದವನಿಗೂ ಬದುವಿನ ಮೇಲೆ ಕೂತವನಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮನೆ ಬಳಕೆಗೆ ಅಂತ ನೂರಕ್ಕೆ ಐದು ಭಾಗದಷ್ಟು ತುಂಡು ಜಮೀನು ಮಾತ್ರ ಕುಟುಂಬದ ಕೈಯಲ್ಲಿತ್ತು. ಗೊಬ್ಬರ, ನೀರು, ಪ್ರೀತಿ ಎಲ್ಲ ಆ ತುಂಡಿಗೇ ಹೋಗುತ್ತಿತ್ತು. ಸಂಘದ ಗದ್ದೆ ಸೊರಗುತ್ತಿತ್ತು.

ವಿನ್ ಫುಕ್ ಅನ್ನೋ ಪ್ರಾಂತ್ಯದಲ್ಲಿ ಕಿಮ್ ನ್ಗೊಕ್ ಅಂತ ಆಳುವ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಇದ್ದರು. ಯುದ್ಧ ನಡೆಯುತ್ತಿದ್ದ ಕಾಲದಲ್ಲೇ, 1966ರಲ್ಲಿ, ಅವರು ಗದ್ದೆಗಳನ್ನು ಮನೆಮನೆಗೆ ಗುತ್ತಿಗೆ ಕೊಡಿಸಿದರು. ‘ಇಷ್ಟು ಭತ್ತ ಸಂಘಕ್ಕೆ ಕೊಡಿ, ಉಳಿದದ್ದು ನಿಮ್ಮದು’ ಅನ್ನುವ ಲೆಕ್ಕ. ಇಳುವರಿ ಏರಿತು. ಆದರೆ ಇದು ಸಮಾಜವಾದಕ್ಕೆ ವಿರುದ್ಧ ಅಂತ 1968ರಲ್ಲಿ ಮೇಲಿನವರು ನಿಲ್ಲಿಸಿದರು. ಕಟುವಾಗಿ ಟೀಕಿಸಿದವರಲ್ಲಿ ಪಕ್ಷದ ಹಿರಿಯ ನಾಯಕ ಟ್ರುವೊಂಗ್ ಚಿನ್ ಮುಂದಿದ್ದರು. ಕಿಮ್ ನ್ಗೊಕ್ 1979ರಲ್ಲಿ ತೀರಿಕೊಂಡರು. ತಮ್ಮ ದಾರಿ ಸರಿ ಅಂತ ಸರ್ಕಾರ ಒಪ್ಪಿದ್ದನ್ನು ನೋಡಲು ಅವರು ಉಳಿಯಲಿಲ್ಲ. ಎರಡೇ ವರ್ಷಕ್ಕೆ, 1981ರಲ್ಲಿ, ‘ನಿರ್ದೇಶನ 100’ ಅನ್ನುವ ಆದೇಶದಲ್ಲಿ ಅದೇ ಗುತ್ತಿಗೆ ಪದ್ಧತಿ ದೇಶದ ಎಲ್ಲ ಕಡೆ ಬಂತು. 1986ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ದಾರಿ ತೆರೆದ ‘ದೋಯ್ ಮೊಯ್’ ಆರ್ಥಿಕ ಸುಧಾರಣೆ ಘೋಷಿಸಿದಾಗ ಪಕ್ಷದ ಪ್ರಧಾನ ಕಾರ್ಯದರ್ಶಿ ಯಾರು ಗೊತ್ತಾ? ಅದೇ ಟ್ರುವೊಂಗ್ ಚಿನ್. ಹಸಿದ ಜನರನ್ನು ನೋಡಿ ಅವರು ಮನಸ್ಸು ಬದಲಿಸಿದ್ದರು. ನನ್ನ ಮಟ್ಟಿಗೆ ಅದು ದೊಡ್ಡತನವೇ.

ಆಗ ಬೆಲೆ ಏರಿಕೆ ವರ್ಷಕ್ಕೆ ಶೇ. 700 ದಾಟಿತ್ತು. 1988ರಲ್ಲೂ ಉತ್ತರದ ಪ್ರಾಂತ್ಯಗಳಲ್ಲಿ ಜನ ಊಟಕ್ಕಿಲ್ಲದೆ ಕಷ್ಟಪಟ್ಟರು. ಆ ವರ್ಷದ ಏಪ್ರಿಲಿನಲ್ಲಿ ‘ನಿರ್ಣಯ 10’ ಬಂತು. ಗದ್ದೆಯ ಜವಾಬ್ದಾರಿ ಪೂರ್ತಿ ಕುಟುಂಬಕ್ಕೆ. ಎತ್ತು, ನೇಗಿಲು ಅವರದ್ದೇ. ಬೆಳೆದದ್ದನ್ನು ಪೇಟೆಯಲ್ಲಿ ಮಾರಬಹುದು. ಮರುವರ್ಷ, 1989ರಲ್ಲಿ, ಅಕ್ಕಿ ಆಮದು ಮಾಡಿಕೊಳ್ಳುತ್ತಿದ್ದ ದೇಶ ಸುಮಾರು 14 ಲಕ್ಷ ಟನ್ ಅಕ್ಕಿ ರಫ್ತು ಮಾಡಿತು! ಒಂದೇ ವರ್ಷದಲ್ಲಿ ಹೊಸ ತಳಿಯೂ ಬರಲಿಲ್ಲ, ಹೊಸ ಅಣೆಕಟ್ಟೂ ಬರಲಿಲ್ಲ. ಹೇಗೆ ಬೆಳೆಯಬೇಕು, ಯಾರಿಗೆ ಮಾರಬೇಕು ಅನ್ನುವ ಅಧಿಕಾರ ಮನೆಯವರ ಕೈಗೆ ಬಂತು, ಅಷ್ಟೇ.

1993ರ ಭೂ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇವತ್ತಿಗೂ ಅಲ್ಲಿ ಭೂಮಿಯ ಒಡೆತನ ಇಡೀ ಜನರದ್ದು, ಅಂದರೆ ಸರ್ಕಾರದ್ದು. ರೈತನಿಗೆ ಇರುವುದು ಬಳಸುವ ಹಕ್ಕು. ಅದಕ್ಕೆ ಕೊಡುವ ಪತ್ರವನ್ನು ಜನ ‘ಕೆಂಪು ಪುಸ್ತಕ’ ಅಂತಾರೆ. ಅದನ್ನಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯಬಹುದು, ಮಕ್ಕಳಿಗೆ ಬರೆದುಕೊಡಬಹುದು, ಹಕ್ಕನ್ನು ಮಾರಬಹುದು. ಕಾಫಿ, ರಬ್ಬರಿನಂಥ ಬಹುವಾರ್ಷಿಕ ಬೆಳೆಗೆ 50 ವರ್ಷದ ಹಕ್ಕು. ಐದಾರು ವರ್ಷ ಕಾಯಬೇಕಾದ ಗಿಡವನ್ನು ಈ ಧೈರ್ಯ ಇಲ್ಲದೆ ಯಾರು ನೆಡುತ್ತಾರೆ ಹೇಳಿ?

ಭತ್ತದ ಕಥೆ ದಕ್ಷಿಣದ ಮೆಕಾಂಗ್ ಮುಖಜ ಭೂಮಿಯದು. ದೇಶದ ಅರ್ಧದಷ್ಟು ಭತ್ತ, ರಫ್ತಾಗುವ ಅಕ್ಕಿಯಲ್ಲಿ ಶೇ. 90ಕ್ಕೂ ಹೆಚ್ಚು ಅಲ್ಲಿಂದಲೇ. ಬೆಂಗಳೂರಿನ ಹೋಟೆಲ್‌ಗಳಲ್ಲಿ ಮುಳ್ಳಿಲ್ಲದ ‘ಬಾಸಾ’ ಮೀನು ಕೊಡುತ್ತಾರಲ್ಲ, ಅದೂ ಆ ನದಿಯ ಕೊಳಗಳದ್ದೇ. 2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಫಿಲಿಪೀನ್ಸ್, ಇಂಡೊನೇಷ್ಯಾ ದೇಶಗಳು ವಿಯೆಟ್ನಾಂ ಬಾಗಿಲು ತಟ್ಟಿದವು. ಆ ವರ್ಷ ಅವರ ಅಕ್ಕಿ ರಫ್ತು 80 ಲಕ್ಷ ಟನ್ ದಾಟಿತು. ಬರೀ ಅಗ್ಗದ ಅಕ್ಕಿಯೂ ಅಲ್ಲ. ಸೋಕ್ ಚಾಂಗ್‌ನ ಹೋ ಕ್ವಾಂಗ್ ಕುವಾ ಅವರು ಬೆಳೆಸಿದ ಎಸ್‌ಟಿ25 ಅನ್ನುವ ಪರಿಮಳದ ತಳಿ 2019ರಲ್ಲಿ ಜಗತ್ತಿನ ಅತ್ಯುತ್ತಮ ಅಕ್ಕಿ ಅಂತ ಬಹುಮಾನ ಪಡೆಯಿತು. ಆ ಸೀಮೆಯ ಎಷ್ಟೋ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ, ಬೇಸಿಗೆಯಲ್ಲಿ ಉಪ್ಪುನೀರು ಬಂದಾಗ ಸೀಗಡಿ.

ಆ ಉಪ್ಪುನೀರೇ ಈಗ ಹೆದರಿಕೆ ಹುಟ್ಟಿಸುತ್ತಿದೆ. 2016, 2020ರ ಬೇಸಿಗೆಗಳಲ್ಲಿ ಸಮುದ್ರದ ನೀರು ತುಂಬಾ ಒಳಗೆ ನುಗ್ಗಿ ಪೈರು ಸುಟ್ಟಿತು. ಮೇಲಿನ ದೇಶಗಳ ಅಣೆಕಟ್ಟುಗಳಿಂದ ಹೂಳು ಬರುತ್ತಿಲ್ಲ. ಕೊಳವೆ ಬಾವಿ ತೋಡಿ ತೋಡಿ ನೆಲವೇ ಕುಸಿಯುತ್ತಿದೆ. ಕಡಿಮೆ ನೀರು, ಕಡಿಮೆ ಗೊಬ್ಬರದಲ್ಲಿ ಒಳ್ಳೆ ಭತ್ತ ಬೆಳೆಯುವ ಯೋಜನೆಯನ್ನು 2030ರ ಒಳಗೆ 10 ಲಕ್ಷ ಹೆಕ್ಟೇರಿಗೆ ತಲುಪಿಸುವುದಾಗಿ ಸರ್ಕಾರ ಹೇಳಿದೆ. ಅದು ಗೆಲ್ಲಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಕೋಟಿಗಟ್ಟಲೆ ಜನರ ಅನ್ನ ಅದು.

ಬೇಸಾಯದ ಇನ್ನೊಂದು ಪಾತ್ರ ಯಾವ ಕೋಷ್ಟಕದಲ್ಲೂ ಸರಿಯಾಗಿ ಕಾಣುವುದಿಲ್ಲ. 2021ರಲ್ಲಿ ಕೋವಿಡ್ ಹೊಡೆತಕ್ಕೆ ಹೋ ಚಿ ಮಿನ್ ಸಿಟಿ ಮುಚ್ಚಿತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ ಸುಮಾರು ಶೇ. 6ರಷ್ಟು ಕುಸಿಯಿತು. ಕೆಲಸ ಕಳೆದುಕೊಂಡವರು ಹೆಂಡತಿ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ನೂರಾರು ಕಿಲೋಮೀಟರ್ ದೂರದ ಊರಿಗೆ ಹೊರಟರು. ಅಲ್ಲಿ ಅಪ್ಪ ಅಮ್ಮನ ಗದ್ದೆ ಇತ್ತು, ಊಟ ಇತ್ತು. ಆ ವರ್ಷವೂ ಕೃಷಿ ವಲಯ ಶೇ. 2.9 ಬೆಳೆಯಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಮೆಣಸಿನದು ಮೊದಲು ಹೇಳಿಬಿಡುತ್ತೇನೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದೂ ಮಾರುವುದೂ ವಿಯೆಟ್ನಾಂ. ಅಲ್ಲಿನ ಅಗ್ಗದ ಮೆಣಸು ಶ್ರೀಲಂಕಾ ಮೂಲಕ ಕಡಿಮೆ ಸುಂಕದಲ್ಲಿ ಇಲ್ಲಿಗೆ ಬರುತ್ತಿದೆ ಅಂತ ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರು ಕೂಗೆದ್ದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ನಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿನ ರೈತ ನಮ್ಮನ್ನು ಮುಳುಗಿಸಿ ಶ್ರೀಮಂತ ಆದ ಅಂದುಕೊಳ್ಳಬೇಡಿ. 2015ರಲ್ಲಿ ಕೆಜಿಗೆ 2 ಲಕ್ಷ ಡಾಂಗ್ (ವಿಯೆಟ್ನಾಂನ ಹಣ) ಹತ್ತಿರ ಇದ್ದ ರೇಟು 2019ರ ಹೊತ್ತಿಗೆ 50 ಸಾವಿರಕ್ಕಿಂತ ಕೆಳಗೆ ಬಂತು. ರೇಟು ಏರಿದಾಗ ಸಾಲ ಮಾಡಿ ಕಂಬ ನೆಟ್ಟು ಬಳ್ಳಿ ಹಬ್ಬಿಸಿದ್ದರು. ಜಿಯಾ ಲಾಯ್ ಪ್ರಾಂತ್ಯದ ಚು ಸೆ ಕಡೆ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಒಣಗಿತು. ಬರೀ ಕಂಬಗಳು ನಿಂತವು, ಬ್ಯಾಂಕ್ ಸಾಲ ಉಳಿಯಿತು. ಸೊರಗು ರೋಗ ಅಂದರೆ ಏನು ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಕಾಫಿಯಲ್ಲಿ ಅವರು ಏರಿದ ವೇಗ ಇನ್ನೂ ಜಾಸ್ತಿ. 1990ರಲ್ಲಿ ಅವರ ಬೆಳೆ ಒಂದು ಲಕ್ಷ ಟನ್ನಿಗಿಂತ ಕಡಿಮೆ. 2000ದ ಹೊತ್ತಿಗೆ ಸುಮಾರು 8 ಲಕ್ಷ ಟನ್. ಈಗ ಬ್ರೆಜಿಲ್ ಬಿಟ್ಟರೆ ಅವರೇ. ರೋಬಸ್ಟಾದಲ್ಲಂತೂ ಮೊದಲು. ಇಳುವರಿ ಹೆಕ್ಟೇರಿಗೆ ಎರಡೂವರೆಯಿಂದ ಮೂರು ಟನ್. ನಮ್ಮ ರೋಬಸ್ಟಾ ಸರಾಸರಿ ಒಂದು ಟನ್ನಿಗೆ ಸ್ವಲ್ಪ ಮೇಲೆ.

ಡಾಕ್ ಲಾಕ್ ಪ್ರಾಂತ್ಯದ ಬುವೊನ್ ಮಾ ಥುವೊಟ್ ಸುತ್ತ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಕೆಂಪು ಮಣ್ಣು, ಹೆಚ್ಚು ಏರಿಳಿತ ಇಲ್ಲದ ನೆಲ. ನೆರಳು ಮರ ಕಡಿಮೆ, ಬಿಸಿಲು ನೇರ ಗಿಡದ ಮೇಲೆ. ಪ್ರತಿ ಗಿಡದ ಸುತ್ತ ಬೋಗುಣಿ ಹಾಗೆ ಪಾತಿ. ಬೇಸಿಗೆಯಲ್ಲಿ ಒಬ್ಬ ಪೈಪು ಹಿಡಿದು ಗಿಡದಿಂದ ಗಿಡಕ್ಕೆ ಹೋಗುತ್ತಾನೆ. ಪಾತಿ ತುಂಬುವವರೆಗೆ ನಿಂತು ಮುಂದಿನದಕ್ಕೆ ಎಳೆಯುತ್ತಾನೆ. ನಾವು ಹೂಮಳೆಗೆ ಆಕಾಶ ನೋಡುವ ತಿಂಗಳಲ್ಲಿ ಅವರು ಬಾವಿಯ ನೀರಿನಿಂದ ತಮಗೆ ಬೇಕಾದ ದಿನವೇ ಹೂ ಬಿಡಿಸುತ್ತಾರೆ. ಗೊಬ್ಬರವೂ ಧಾರಾಳ. ತೋಟ ಒಂದೆರಡು ಹೆಕ್ಟೇರ್. ಗಂಡ ಹೆಂಡತಿಯೇ ಕೊಂಬೆ ಸವರಿ ಕಪಾತು ಮಾಡುತ್ತಾರೆ, ಕೊಯ್ಯುತ್ತಾರೆ, ಮನೆ ಮುಂದಿನ ಕಣದಲ್ಲಿ ಒಣಗಿಸುತ್ತಾರೆ. ನಾವು ಹೋದ ಮನೆಯ ಯಜಮಾನ ಊಟದ ಮಧ್ಯೆ ಫೋನ್ ತೆಗೆದು ಜಗತ್ತಿನ ರೋಬಸ್ಟಾ ಬೆಲೆ ನಿಗದಿಯಾಗುವ ಲಂಡನ್ ಮಾರುಕಟ್ಟೆಯ ರೇಟು ತೋರಿಸಿದರು. ಅದನ್ನು ನೋಡಿಯೇ ಎಷ್ಟು ಮೂಟೆ ಮಾರಬೇಕು ಅಂತ ತೀರ್ಮಾನ ಮಾಡುತ್ತಾರಂತೆ.

ಇದಕ್ಕೆ ತೆತ್ತ ಬೆಲೆಯನ್ನೂ ಬರೆಯಲೇಬೇಕು. ಆ ಎತ್ತರದ ಸೀಮೆ ಎಡೆ, ಜರಾಯ್, ಮ್ನೊಂಗ್ ಬುಡಕಟ್ಟುಗಳ ನೆಲ. 1975ರ ನಂತರ ಬಯಲು ಸೀಮೆಯಿಂದ ಲಕ್ಷಾಂತರ ಜನ ಬಂದು ನೆಲೆಸಿದರು. ಕಾಡು ಕರಗಿತು, ಮೂಲದವರ ಎಷ್ಟೋ ಜಮೀನು ಕೈತಪ್ಪಿತು. ಬಾವಿಗಳು ಆಳಕ್ಕೆ ಇಳಿದವು. 2001ರ ಹೊತ್ತಿಗೆ ಎಲ್ಲರೂ ಬೆಳೆದ ಕಾಫಿಯಿಂದ ಜಗತ್ತಿನ ರೇಟು ನೆಲಕಚ್ಚಿತು. ಆಗ ಅವರೂ ಅತ್ತರು, ನಾವೂ ಅತ್ತೆವು. 2024ರಲ್ಲಿ ಉಲ್ಟಾ ಆಯಿತು. ಅಲ್ಲಿ ಬರ ಬಂತು, ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, ನಮ್ಮಲ್ಲಿ 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ 10 ಸಾವಿರ ರೂಪಾಯಿ ಮುಟ್ಟಿತು. ಅಷ್ಟರಲ್ಲಿ ಅಲ್ಲಿನ ಎಷ್ಟೋ ಜನ ಕಾಫಿ ಕಿತ್ತು ಡುರಿಯನ್ ಹಣ್ಣು ಹಾಕಿದ್ದರು. 2022ರಲ್ಲಿ ಚೀನಾ ಆ ಹಣ್ಣಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದೇ ಕಾರಣ. 2025ರ ಆರಂಭದಲ್ಲಿ ಅದೇ ಚೀನಾ ಕ್ಯಾಡ್ಮಿಯಂ ಅನ್ನುವ ವಿಷಲೋಹ ಮತ್ತು ಹಣ್ಣಿಗೆ ಹಚ್ಚುವ ಹಳದಿ ಬಣ್ಣದ ಪರೀಕ್ಷೆ ಬಿಗಿ ಮಾಡಿದಾಗ ಲಾರಿಗಳು ವಾಪಸ್ ಬಂದವು. ಒಬ್ಬನೇ ಗಿರಾಕಿಯನ್ನು ನಂಬಿ ತೋಟ ಕಟ್ಟುವುದು ಅಪಾಯ ಅಲ್ವಾ?

ಹಾಗಾದರೆ ನಾವು ಅವರಂತೆ ಮಾಡಬೇಕಾ? ನೆರಳು ಮರ ತೆಗೆಯಿರಿ, ಇಳುವರಿ ಹೆಚ್ಚುತ್ತದೆ ಅಂತ ನನಗೂ ಹೇಳಿದವರಿದ್ದಾರೆ. ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ, ನಮ್ಮ ಮಳೆಗೆ, ಮರ ತೆಗೆದರೆ ಮಣ್ಣು ನಿಲ್ಲುವುದಿಲ್ಲ. ಆ ಮರಗಳೇ ಮೆಣಸಿನ ಬಳ್ಳಿಗೂ ಆಸರೆ. ನಮ್ಮ ತೋಟದಲ್ಲಿ ಮರ ಮುಟ್ಟಿಲ್ಲ. ಅವರಿಂದ ನಾವು ತಂದ ಕೆಲಸ ಒಂದೇ. ಅಲ್ಲಿ ಮುದಿ ಗಿಡವನ್ನು ಬುಡದ ಹತ್ತಿರ ಕತ್ತರಿಸಿ, ಹೊಸ ಚಿಗುರಿಗೆ ಒಳ್ಳೆ ತಳಿಯ ಕಸಿ ಕಟ್ಟುತ್ತಾರೆ. ಬೇರು ಹಳೆಯದೇ ಆದ್ದರಿಂದ ಮೂರನೇ ವರ್ಷಕ್ಕೆ ಫಸಲು ಕೈಗೆ ಬರುತ್ತದೆ. ಇಲ್ಲಿ ಅದನ್ನೇ ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರದ ‘ಸಿ ಇಂಟು ಆರ್’ ಅನ್ನುವ ರೋಬಸ್ಟಾ ತಳಿಯ ಕಡ್ಡಿ ಬಳಸಿ, ಹಳೇ ಗಿಡಗಳ ಮೇಲೆ ಸಾಲು ಸಾಲಾಗಿ ಮಾಡಿಕೊಂಡು ಹೋಗುತ್ತಿದ್ದೇವೆ.