ಬೀಚ್ ಅಭಿವೃದ್ಧಿಯನ್ನು ಕರಾವಳಿಯ ಹಳ್ಳಿಗಳು ಏಕೆ ವಿರೋಧಿಸುತ್ತವೆ?

ಬೀಚ್ ಅಭಿವೃದ್ಧಿಯಾದರೆ ಊರಿಗೆ ಹಣವೂ ಹುಡುಗರಿಗೆ ಕೆಲಸವೂ ಬರುತ್ತವೆ, ಹಾಗಿದ್ದೂ ಮೀನುಗಾರರ ಹಳ್ಳಿಗಳು ಏಕೆ ಅಡ್ಡ ನಿಲ್ಲುತ್ತವೆ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆ ಜಿಲ್ಲೆಯ ಐಹೊಳೆಯ ಕಡೆಯವನು, ಕಡಲಿನವನಲ್ಲ. ಆದರೆ ಉತ್ತರ ಕನ್ನಡ ಜಿಲ್ಲೆಯೂ ನಮ್ಮ ಬೆಳಗಾವಿ ಕಂದಾಯ ವಿಭಾಗಕ್ಕೇ ಸೇರಿರುವುದರಿಂದ, ಕಂದಾಯ ಇಲಾಖೆಯ ನೌಕರನಾಗಿ ಹೊನ್ನಾವರದ ಕಡೆಗೆ ವರ್ಗವಾಗಿ ಕೆಲವು ವರ್ಷ ಅಲ್ಲಿದ್ದೆ. ಆ ಅನುಭವದ ಬಲದಿಂದ ಉತ್ತರಿಸುತ್ತಿದ್ದೇನೆ.

ಒಮ್ಮೆ ಊರಿನಿಂದ ನಮ್ಮ ಕಾಕಾ ಬಂದಿದ್ದರು. ಹೊನ್ನಾವರದ ಹತ್ತಿರದ ಕಾಸರಕೋಡಿನ ಟೊಂಕ ಎಂಬ ತೀರದಲ್ಲಿ ಹೆಂಗಸರು ಮರಳಿನ ಮೇಲೆ ತಾರ್ಲೆ ಮೀನು, ಶೆಟ್ಲಿ (ಸಿಗಡಿ) ಹರವಿ, ಕಾಗೆ ನಾಯಿಗಳನ್ನು ಓಡಿಸುತ್ತ, ಬಿಸಿಲೇರಿದಂತೆ ಮಗುಚಿ ಹಾಕುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ಇದು ಇವರ ಕಣ ಐತಿ ನೋಡಪಾ" ಎಂದರು. ನಾನು ಕಡತಗಳಲ್ಲಿ ಓದಿದ್ದಕ್ಕಿಂತ ಅದು ನಿಖರವಾಗಿತ್ತು. ಜೋಳದ ರಾಶಿ ಮಾಡುವ ಕಣದ ಮೇಲೆ ಸುಗ್ಗಿಯ ದಿನಗಳಲ್ಲೇ ಯಾರಾದರೂ ಬಂದು ಕುರ್ಚಿ ಹಾಕಿ, ಧೂಳು ಬರುತ್ತದೆ, ಕೆಲಸ ನಿಲ್ಲಿಸಿ ಎಂದರೆ ನಮ್ಮವರು ಸುಮ್ಮನಿದ್ದಾರೆಯೇ? ಮೀನು ಒಣಗಿಸುವುದು ಮಳೆ ಬಿಟ್ಟ ಮೇಲೆ, ಬಿಸಿಲಿನ ತಿಂಗಳುಗಳಲ್ಲಿ. ಪ್ರವಾಸಿಗರು ಬರುವುದೂ ಆಗಲೇ. ಒಂದೇ ಮರಳು ಒಂದೇ ಕಾಲದಲ್ಲಿ ಇಬ್ಬರಿಗೂ ಬೇಕು, ಮತ್ತು ಅವರಲ್ಲಿ ಒಬ್ಬರಿಗೆ ಇನ್ನೊಬ್ಬರ ಕಸುಬಿನ ವಾಸನೆಯೇ ಆಗುವುದಿಲ್ಲ.

ಬಲೆಯ ವಿಷಯವೂ ಹಾಗೆಯೇ. ಟ್ರಾಲರ್, ಪರ್ಸೀನ್ ಎಂಬ ಯಂತ್ರದ ಬೋಟುಗಳು ಬರುವ ಮೊದಲು ಈ ತೀರದ ದೊಡ್ಡ ಮೀನುಗಾರಿಕೆಯೆಂದರೆ ರಂಪಣಿ. ದೋಣಿಯಿಂದ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ಅದರ ಎರಡೂ ತುದಿಗಳನ್ನು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಅದರ ಸಣ್ಣ ರೂಪವಾದ ಕೈರಂಪಣಿ ಇಂದಿಗೂ ಉಳಿದಿದೆ. ಇದಕ್ಕೆ ಬೇಲಿಯಾಗಲಿ ಕಾಂಕ್ರೀಟ್ ಹಾದಿಯಾಗಲಿ ಇಲ್ಲದ ಉದ್ದನೆಯ ದಡ ಬೇಕು. ಅದರ ಮಧ್ಯದಲ್ಲಿ ಒಂದು ರೆಸಾರ್ಟಿನ ಕಾಂಪೌಂಡು ಬಂದರೆ ಸಾಕು, ಅಕ್ಕಪಕ್ಕದ ಮರಳು ಹಾಗೇ ಉಳಿದಿದ್ದರೂ ಬಲೆ ಎಳೆಯುವುದಕ್ಕೆ ಬರುವುದಿಲ್ಲ.

ಜಗಳದ ಮೂಲ ನನಗೆ ಕಂಡಂತೆ ದಾಖಲೆಯಲ್ಲಿದೆ. ಹೊಲಕ್ಕೆ ಉತಾರ, ಅಂದರೆ ಪಹಣಿ, ಇರುತ್ತದೆ. ನಮ್ಮ ಗಾಯರಾಣಕ್ಕೂ (ಗೋಮಾಳಕ್ಕೂ) ಒಂದು ಸರ್ವೆ ನಂಬರು, ಅದರ ಮುಂದೆ ದನಗಳಿಗಾಗಿ ಎಂಬ ಮಾತು ಇರುತ್ತವೆ. ಮೀನು ಒಣಗಿಸುವ, ದೋಣಿ ಎಳೆದಿಡುವ, ಬಲೆ ಹೆಣೆಯುವ ಮರಳು ಮಾತ್ರ ಬರೀ ಸರಕಾರಿ ಜಾಗ. ತಲೆಮಾರುಗಳಿಂದ ದುಡಿದರೂ ಅಲ್ಲಿ ಅವರ ಹೆಸರಿಲ್ಲ. ಆದ್ದರಿಂದ ಯೋಜನೆ ಬರೆಯುವವರಿಗೆ ಅದು ಖಾಲಿ ಜಾಗವಾಗಿ ಕಾಣುತ್ತದೆ, ಯಾರನ್ನೂ ಎಬ್ಬಿಸುತ್ತಿಲ್ಲವೆಂದು ವರದಿಯಲ್ಲಿ ಪ್ರಾಮಾಣಿಕವಾಗಿಯೇ ಬರೆಯಲು ಸಾಧ್ಯವಾಗುತ್ತದೆ.

ಕಾನೂನು ಇದನ್ನು ಪೂರ್ತಿ ಮರೆತಿಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಗ್ರಾಮೀಣ ತೀರದಲ್ಲಿ ಉಬ್ಬರರೇಖೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಗಳನ್ನು ತಡೆದಿತ್ತು. 2011ರ ಅಧಿಸೂಚನೆಯು ಮೀನುಗಾರರ ಹಳ್ಳಿಗಳನ್ನೂ ಅವರ ಸಾಮೂಹಿಕ ಜಾಗಗಳನ್ನೂ ಮೀನು ಒಣಗಿಸುವ ಸ್ಥಳಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದು ಹೇಳಿತು. 2019ರ ಅಧಿಸೂಚನೆಯು ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಗ್ರಾಮೀಣ ತೀರಗಳಲ್ಲಿ ಆ 200 ಮೀಟರನ್ನು 50ಕ್ಕೆ ಇಳಿಸಿತು. ಉಳಿದೆಡೆ 200 ಮೀಟರ್ ಉಳಿದರೂ, ಉಬ್ಬರರೇಖೆಯಿಂದ 10 ಮೀಟರ್ ಬಿಟ್ಟು ತಾತ್ಕಾಲಿಕ ಪ್ರವಾಸಿ ಸೌಲಭ್ಯಗಳನ್ನು ಮಾಡಬಹುದೆಂದಿತು. ಮೀನುಗಾರರಿಗೆ ಹೋಮ್‌ಸ್ಟೇ ನಡೆಸುವ ಅವಕಾಶವೂ ಅದರಲ್ಲಿದೆ, ಆದರೆ ಮನೆಯ ತಳವಿಸ್ತೀರ್ಣವನ್ನಾಗಲಿ ವಿನ್ಯಾಸವನ್ನಾಗಲಿ ಬದಲಿಸುವಂತಿಲ್ಲ. ಎರಡು ಕೋಣೆಗಳ ಮನೆಯಲ್ಲಿ ಎಂಟು ಜನ ಇರುವವರು ಅತಿಥಿಯನ್ನು ಎಲ್ಲಿ ಮಲಗಿಸಬೇಕು ಎಂಬುದನ್ನು ಅಧಿಸೂಚನೆ ಹೇಳುವುದಿಲ್ಲ.

ಐಹೊಳೆಯವರಿಗೆ ಈ ಮೀಟರಿನ ಲೆಕ್ಕ ಹೊಸದಲ್ಲ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗುಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ. ಮಳೆಗೆ ಗೋಡೆ ಬಿದ್ದರೆ ದುರಸ್ತಿಗೂ ಅನುಮತಿ ಬೇಕು. ಊರನ್ನೇ ಸ್ಥಳಾಂತರಿಸುವ ಮಾತು ಎಷ್ಟೋ ವರ್ಷಗಳಿಂದ ನಡೆದಿದೆ. ಹಾಗೆಂದು ಎರಡೂ ಒಂದೇ ಎನ್ನಲಾರೆ: ನಮ್ಮಲ್ಲಿ ಆ ಗೆರೆ ಎಲ್ಲರನ್ನೂ ಒಂದೇ ರೀತಿ ತಡೆಯುತ್ತದೆ, ಗುಡಿಗಳೂ ಅದರಿಂದ ಉಳಿದಿವೆ. ಕಡಲತೀರದಲ್ಲಿ ಊರಿನವರನ್ನು ಬಹುಕಾಲ ತಡೆದ ಗೆರೆಯೇ ಹೊರಗಿನ ಬಂಡವಾಳಕ್ಕೆ ಹಿಂದೆ ಸರಿಯಿತು ಎಂಬ ಭಾವನೆ ಇದೆ. ಸಿಟ್ಟಿನ ಬಹುಭಾಗ ಅಲ್ಲಿಂದ ಬರುತ್ತದೆ.

ಉದ್ಯೋಗದ ಮಾತನ್ನು ತಳ್ಳಿಹಾಕುವುದಿಲ್ಲ. ಮುರ್ಡೇಶ್ವರ, ಗೋಕರ್ಣಗಳಲ್ಲಿ ಪ್ರವಾಸಿಗರಿಂದಲೇ ಮನೆ ನಡೆಸುವವರು ಬಹಳ ಜನ ಇದ್ದಾರೆ, ಒಂದೇ ಮನೆಯಲ್ಲಿ ಅಣ್ಣ ಬೋಟಿನಲ್ಲಿ, ತಮ್ಮ ರೆಸಾರ್ಟಿನಲ್ಲಿ ಇರುವುದೂ ಉಂಟು. ಆದರೆ ಒಣಮೀನಿನ ವ್ಯಾಪಾರ ಹೆಂಗಸರ ಸ್ವಂತ ದುಡಿಮೆ. ಅದನ್ನು ಬಿಟ್ಟು ಹೋದರೆ ಅವರಿಗೆ ಸಿಗುವುದು ಬಹುಮಟ್ಟಿಗೆ ಕೋಣೆ ಗುಡಿಸುವ ಕೂಲಿ. ಈ ವಿನಿಮಯವನ್ನು ಲಾಭವೆಂದು ಲೆಕ್ಕ ಹಾಕುವವರು ಹೆಂಗಸರನ್ನು ಕೇಳಿದ್ದನ್ನು ನಾನು ಕಾಣಲಿಲ್ಲ.

ಎಲ್ಲ ಪ್ರತಿಭಟನೆಗಳೂ ಪ್ರವಾಸೋದ್ಯಮದ ವಿರುದ್ಧವಲ್ಲ ಎಂಬುದನ್ನೂ ಗಮನಿಸಿ. ಟೊಂಕದ ದೊಡ್ಡ ಹೋರಾಟ ಖಾಸಗಿ ಬಂದರಿನ ವಿರುದ್ಧ ನಡೆದದ್ದು. ಕಾರವಾರ, ಅಂಕೋಲೆಯವರು ಸೀಬರ್ಡ್ ನೌಕಾನೆಲೆಗಾಗಿ ಊರು, ತೀರ ಎರಡನ್ನೂ ಮೊದಲೇ ಬಿಟ್ಟುಕೊಟ್ಟವರು. ಇಷ್ಟು ಕಳೆದುಕೊಂಡವರ ಮುಂದೆ ಹೊಸ ಬೀಚ್ ಯೋಜನೆಯ ಫಲಕ ನೆಟ್ಟರೆ, ಅದು ಸಣ್ಣದೋ ದೊಡ್ಡದೋ ಎಂದು ಅಳೆದು ನೋಡುವ ತಾಳ್ಮೆ ಅವರಲ್ಲಿ ಉಳಿದಿರುವುದಿಲ್ಲ. ಅದೇ ಕಾಸರಕೋಡಿನ ಇನ್ನೊಂದು ತೀರಕ್ಕೆ, ಪಡುಬಿದ್ರಿಯ ಜೊತೆಗೆ, 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಒಂದೇ ಗ್ರಾಮದಲ್ಲಿ ಒಂದು ಕಡೆ ಆ ಬಾವುಟ, ಇನ್ನೊಂದು ಕಡೆ ಒಣಮೀನಿನ ಹಾಸು.

ಯಾವುದಾದರೂ ಬೀಚ್ ಯೋಜನೆ ಸರಿಯೋ ತಪ್ಪೋ ಎಂದು ನೀವೇ ತೂಗಿ ನೋಡಬೇಕೆಂದರೆ, ಅದರ ನಕ್ಷೆಯನ್ನು ತರಿಸಿ ನೋಡಿ. ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಅಂಗಡಿಸಾಲು ಎಲ್ಲವೂ ಅದರಲ್ಲಿ ಇರುತ್ತವೆ. ಮೀನು ಒಣಗಿಸುವ ಜಾಗವೂ ದೋಣಿ ಎಳೆದಿಡುವ ಜಾಗವೂ ಹೆಸರು ಹಿಡಿದು ಗುರುತಾಗಿವೆಯೇ ಎಂದು ಹುಡುಕಿ.