ಕಾದಂಬರಿ ಮುಗಿದಿದೆ, ಏಜೆಂಟರು ಸಿಗುತ್ತಿಲ್ಲ

ಪ್ರಶ್ನೆ: ಇಂಗ್ಲಿಷಿನಲ್ಲಿ ಬರೆದ ನನ್ನ ಮೊದಲ ಕಾದಂಬರಿಯನ್ನು ತಿದ್ದಿ ಮುಗಿಸಿದ್ದೇನೆ. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಹೆಚ್ಚಿನವು ಸಾಹಿತ್ಯ ಏಜೆಂಟರ, ಅಂದರೆ ಲೇಖಕರ ಪರವಾಗಿ ಪ್ರಕಾಶಕರಿಗೆ ಕೃತಿಯನ್ನು ಮಾರಿಕೊಡುವವರ, ಮೂಲಕ ಬಾರದ ಹಸ್ತಪ್ರತಿಯನ್ನು ನೋಡುವುದಿಲ್ಲವೆಂದು ತಿಳಿದು, ಸಿಕ್ಕ ಏಜೆಂಟರ ವಿಳಾಸಗಳಿಗೆಲ್ಲ ಒಂದೇ ವಾರದಲ್ಲಿ ಪತ್ರ ಕಳುಹಿಸಿದೆ. ಹೆಚ್ಚಿನವರು ಉತ್ತರಿಸಲಿಲ್ಲ; ಉತ್ತರಿಸಿದವರು ಎರಡು ಸಾಲಿನಲ್ಲಿ ಬೇಡವೆಂದರು. ನನ್ನ ಕಾದಂಬರಿ ಚೆನ್ನಾಗಿಲ್ಲವೆಂದು ಅರ್ಥವೇ?

ಉತ್ತರ: ಹಾಗೆ ತೀರ್ಮಾನಿಸಲು ಆಧಾರವಿಲ್ಲ, ಏಕೆಂದರೆ ಅವರಲ್ಲಿ ಯಾರೂ ನಿಮ್ಮ ಕಾದಂಬರಿಯನ್ನು ಓದಿಲ್ಲ. ಅವರು ಓದಿರುವುದು ಒಂದು ಪುಟದ ಪತ್ರವನ್ನು, ಹೆಚ್ಚೆಂದರೆ ಅದರೊಡನೆ ಇದ್ದ ಆರಂಭದ ಕೆಲವು ಪುಟಗಳನ್ನು. ನಿರಾಕರಣೆ ಬಂತೆಂಬುದಕ್ಕಿಂತ ಅದು ಯಾವ ಹಂತದಲ್ಲಿ ಬಂತೆಂಬುದನ್ನು ಗಮನಿಸಿ. ಪತ್ರಕ್ಕೆ ಯಾರೂ ಓಗೊಡದಿದ್ದರೆ ದೋಷವು ಪತ್ರದಲ್ಲೋ, ಮೊದಲ ಪುಟಗಳಲ್ಲೋ, ನೀವು ಆರಿಸಿಕೊಂಡ ಏಜೆಂಟರ ಪಟ್ಟಿಯಲ್ಲೋ ಇರುತ್ತದೆ. ಪೂರ್ತಿ ಹಸ್ತಪ್ರತಿಯನ್ನು ತರಿಸಿಕೊಂಡು ಓದಿದವರು ಒಬ್ಬರಾದ ಮೇಲೊಬ್ಬರು ಬೇಡವೆಂದಾಗ ಮಾತ್ರ ಕಾದಂಬರಿಯನ್ನೇ ಮತ್ತೆ ಬಿಚ್ಚಿ ನೋಡುವ ಕಾಲ ಬಂದಿದೆಯೆಂದು ತಿಳಿಯಬೇಕು. ಆದ್ದರಿಂದಲೇ ಅನುಭವಿಗಳು ಪತ್ರಗಳನ್ನು ಆರೋ ಎಂಟೋ ಜನರ ಸಣ್ಣ ತಂಡಗಳಲ್ಲಿ ಕಳುಹಿಸಿ, ಬಂದ ಪ್ರತಿಕ್ರಿಯೆಯನ್ನು ನೋಡಿ ಪತ್ರವನ್ನು ತಿದ್ದಿ, ಆಮೇಲೆ ಮುಂದಿನ ತಂಡಕ್ಕೆ ಹೋಗುತ್ತಾರೆ. ಒಮ್ಮೆ ಬೇಡವೆಂದ ಏಜೆಂಟರು ಅದೇ ಕೃತಿಯನ್ನು ಎರಡನೆಯ ಸಲ ನೋಡುವುದು ಅಪರೂಪವಾದ್ದರಿಂದ, ಇಡೀ ಪಟ್ಟಿಯನ್ನು ಒಂದೇ ವಾರದಲ್ಲಿ ಖರ್ಚು ಮಾಡುವುದು ದುಬಾರಿಯ ಆತುರ.

ಈಗ ಪತ್ರದ ವಿಷಯ. ನಿಮ್ಮ ಪತ್ರದ ಪ್ರತಿಯನ್ನು ಲಗತ್ತಿಸಿದ್ದೀರಿ; ಅದರ ಮೊದಲ ಪ್ಯಾರಾದಲ್ಲಿ ಕಾದಂಬರಿಯು ಪ್ರೀತಿ, ವಿರಹ ಹಾಗೂ ಮನುಷ್ಯ ಸಂಬಂಧಗಳ ಸಂಕೀರ್ಣತೆಯನ್ನು ಶೋಧಿಸುತ್ತದೆ ಎಂದಿದೆ. ಈ ಮಾತನ್ನು ಸಾವಿರ ಕಾದಂಬರಿಗಳಿಗೆ ಅಂಟಿಸಬಹುದು. ಕಥೆಯೇನೆಂಬುದು ನಾಲ್ಕನೆಯ ಪ್ಯಾರಾದಲ್ಲಿ, ಅದೂ ಅರ್ಧ ವಾಕ್ಯದಲ್ಲಿ ಇಣುಕುತ್ತದೆ: ಗಂಡ ತೀರಿಕೊಂಡ ಮೂರು ವಾರಗಳ ನಂತರದ ತಾರೀಖಿನಲ್ಲಿ ಅವನದೇ ಸಹಿಯಿರುವ ಸಾಲಪತ್ರವೊಂದು ಹೆಂಡತಿಯ ಕೈಸೇರುತ್ತದೆ. ಪತ್ರ ಅಲ್ಲಿಂದ ಶುರುವಾಗಬೇಕಿತ್ತು. ಆಕೆ ಯಾರು, ಆಕೆಗೇನು ಬೇಕು, ಏನು ಅಡ್ಡ ಬರುತ್ತದೆ, ಸೋತರೆ ಏನನ್ನು ಕಳೆದುಕೊಳ್ಳುತ್ತಾಳೆ ಎಂಬಿಷ್ಟನ್ನು ಎರಡು ಪ್ಯಾರಾಗಳಲ್ಲಿ ಹೇಳಿ, ಕೊನೆಯನ್ನು ಬಿಟ್ಟುಕೊಡದೆ ನಿಲ್ಲಿಸಿ. ಬಳಿಕ ಪ್ರಕಾರ, ಪದಸಂಖ್ಯೆ, ಈಚಿನ ನಾಲ್ಕೈದು ವರ್ಷಗಳಲ್ಲಿ ಬಂದಿರುವ ಹಾಗೂ ನಿಮ್ಮದರ ಓದುಗರೇ ಓದಬಹುದಾದ ಎರಡು ಕೃತಿಗಳ ಹೆಸರು, ನಿಮ್ಮ ಬಗ್ಗೆ ಎರಡು ಸಾಲು ಸಾಕು. ಮನೆಯವರೂ ಗೆಳೆಯರೂ ಮೆಚ್ಚಿದ್ದಾರೆಂಬ ವಾಕ್ಯವನ್ನು ದಯವಿಟ್ಟು ತೆಗೆದುಹಾಕಿ. ಕೇಳಿದವರಿಗೆ ಕಳುಹಿಸುವ ಕಥಾಸಾರಾಂಶದ ನಿಯಮ ಮಾತ್ರ ಇದಕ್ಕೆ ತದ್ವಿರುದ್ಧ: ಅಲ್ಲಿ ಕೊನೆಯನ್ನೂ ಸೇರಿಸಿ ಕಥೆಯನ್ನೆಲ್ಲ ಹೇಳಲೇಬೇಕು, ಏಕೆಂದರೆ ಕಥೆ ದಡ ಸೇರುತ್ತದೆಯೇ ಎಂದು ನೋಡುವುದಕ್ಕೇ ಅದನ್ನು ಕೇಳುತ್ತಾರೆ.

ಪದಸಂಖ್ಯೆಯೂ ನಿಮಗೆ ತೊಡಕಾಗಿರಬಹುದು. ವಯಸ್ಕರಿಗಾಗಿ ಬರೆದ ಮೊದಲ ಕಾದಂಬರಿಗೆ ಸುಮಾರು 80,000ದಿಂದ 1,00,000 ಪದಗಳು ವಾಡಿಕೆಯ ಅಳತೆ. ನಿಮ್ಮದು 1,90,000 ಎಂದಿದ್ದೀರಿ. ಕೆಲವರು ಆ ಸಂಖ್ಯೆಯನ್ನು ಕಂಡೇ ಮುಂದೆ ಓದದೆ ಇರುತ್ತಾರೆ. ಇದು ನ್ಯಾಯವಲ್ಲದಿರಬಹುದು, ಆದರೆ ಅವರ ಮೇಜಿನ ಮೇಲೆ ದಿನವೂ ಬೀಳುವ ಪತ್ರಗಳ ರಾಶಿಯನ್ನು ನೆನೆದರೆ ಅರ್ಥವಾಗದ ಸಂಗತಿಯೂ ಅಲ್ಲ.

ಏಜೆಂಟರ ಪಟ್ಟಿಗೆ ನಾನು ನಂಬುವ ದಾರಿ ಒಂದೇ: ನಿಮ್ಮ ಬರವಣಿಗೆಗೆ ಹತ್ತಿರವಾದ ಕಾದಂಬರಿಗಳ ಕೃತಜ್ಞತೆಯ ಪುಟವನ್ನು ತೆರೆಯಿರಿ. ಲೇಖಕರು ತಮ್ಮ ಏಜೆಂಟರನ್ನು ಅಲ್ಲಿ ಹೆಸರಿಟ್ಟು ನೆನೆಯುವುದು ರೂಢಿ. ಆ ಹೆಸರುಗಳನ್ನು ಏಜೆನ್ಸಿಯ ಜಾಲತಾಣದಲ್ಲಿ ಹುಡುಕಿ, ಸದ್ಯ ಹೊಸ ಲೇಖಕರನ್ನು ತೆಗೆದುಕೊಳ್ಳುತ್ತಿದ್ದಾರೆಯೇ, ಮೊದಲ ಅಧ್ಯಾಯ ಕೇಳುತ್ತಾರೆಯೇ ಅಥವಾ ಹತ್ತು ಪುಟವೇ, ಲಗತ್ತಿಸಬೇಕೆ ಅಥವಾ ಪತ್ರದೊಳಗೇ ಅಂಟಿಸಬೇಕೆ ಎಂಬುದನ್ನು ನೋಡಿ ಹಾಗೆಯೇ ಮಾಡಿ. ಉತ್ತರಕ್ಕೆ ಎಂಟು ಹನ್ನೆರಡು ವಾರಗಳಾದರೂ ಹಿಡಿಯುವುದುಂಟು. ಉತ್ತರ ಬಾರದಿದ್ದರೆ ಬೇಡವೆಂದು ತಿಳಿಯಿರಿ ಎಂದು ಅನೇಕರು ಮೊದಲೇ ಬರೆದಿರುತ್ತಾರೆ.

ಪ್ರಶ್ನೆ: ಒಬ್ಬ ಏಜೆಂಟರು ನನ್ನ ಹಸ್ತಪ್ರತಿಯನ್ನು ಓದುವುದಕ್ಕೆ ಶುಲ್ಕ ಕೇಳಿದ್ದಾರೆ. ಕೊಡಬಹುದೆ?

ಉತ್ತರ: ಕೊಡಬೇಡಿ. ಬ್ರಿಟನ್ನಿನ ಅಸೋಸಿಯೇಷನ್ ಆಫ್ ಆಥರ್ಸ್ ಏಜೆಂಟ್ಸ್ ಹಾಗೂ ಅಮೆರಿಕದ ಅಸೋಸಿಯೇಷನ್ ಆಫ್ ಅಮೆರಿಕನ್ ಲಿಟರರಿ ಏಜೆಂಟ್ಸ್ ಎಂಬ ಏಜೆಂಟರ ಸಂಘಗಳೆರಡರ ನೀತಿಸಂಹಿತೆಗಳೂ ಓದುವ ಶುಲ್ಕವನ್ನು ಒಪ್ಪುವುದಿಲ್ಲ. ಪುಸ್ತಕ ಮಾರಾಟವಾದ ಮೇಲೆ ಬರುವ ಕಮಿಷನ್ನಿನಿಂದಲೇ ಏಜೆಂಟರ ಜೀವನ ನಡೆಯಬೇಕು. ಶುಲ್ಕ ಬೇಡ, ಆದರೆ ಇಂಥ ಸಂಪಾದಕರಿಗೇ ಹಣ ಕೊಟ್ಟು ತಿದ್ದಿಸಿಕೊಂಡು ಬನ್ನಿ ಎನ್ನುವವರನ್ನೂ ಅದೇ ಅನುಮಾನದಿಂದ ನೋಡಿ.

ಪ್ರಶ್ನೆ: ಪೂರ್ತಿ ಹಸ್ತಪ್ರತಿ ಓದಿದ ಏಜೆಂಟರೊಬ್ಬರು ಫೋನಿನಲ್ಲಿ ಮಾತಾಡೋಣವೆಂದಿದ್ದಾರೆ. ಇನ್ನೂ ಇಬ್ಬರ ಬಳಿ ಹಸ್ತಪ್ರತಿ ಇದೆ. ಏನು ಕೇಳಬೇಕು, ಎಷ್ಟು ಬೇಗ ಒಪ್ಪಬೇಕು?

ಉತ್ತರ: ಆ ಕರೆಯಲ್ಲೇ ಒಪ್ಪಿಕೊಳ್ಳಬೇಡಿ. ನಿಮ್ಮನ್ನು ಪ್ರತಿನಿಧಿಸುವ ಪ್ರಸ್ತಾಪ ಬಂದರೆ ಸಂತೋಷವನ್ನು ತಿಳಿಸಿ, ಉತ್ತರಿಸಲು ಎರಡು ವಾರ ಕೇಳಿ, ಉಳಿದ ಇಬ್ಬರಿಗೂ ಪ್ರಸ್ತಾಪ ಬಂದಿರುವುದನ್ನು ಬರೆದು ತಿಳಿಸಿ. ಇದು ಈ ವೃತ್ತಿಯ ಸಾಮಾನ್ಯ ಶಿಷ್ಟಾಚಾರ. ಇದಕ್ಕೆ ಸಿಟ್ಟಾಗುವ ಏಜೆಂಟರ ಕೈಗೆ ಪುಸ್ತಕ ಕೊಡದಿರುವುದೇ ಲೇಸು.

ಕೃತಿಯಲ್ಲಿ ಯಾವ ಬದಲಾವಣೆ ಬಯಸುತ್ತಾರೆ, ಯಾವ ಸಂಪಾದಕರಿಗೆ ಕಳುಹಿಸಬೇಕೆಂದಿದ್ದಾರೆ, ಅವರೆಲ್ಲ ಬೇಡವೆಂದರೆ ಮುಂದಿನ ಕಾದಂಬರಿಗೂ ಜೊತೆಗಿರುತ್ತಾರೆಯೇ ಎಂದು ಕೇಳಿ. ಮೂರನೆಯದಕ್ಕೆ ಸಿಗುವ ಉತ್ತರ ಮುಖ್ಯ, ಏಕೆಂದರೆ ಏಜೆಂಟರು ಸಿಕ್ಕಿದ ಮೇಲೂ ಪ್ರಕಾಶಕರು ಸಿಗದೆ ಉಳಿದ ಮೊದಲ ಕಾದಂಬರಿಗಳು ಬೇಕಾದಷ್ಟಿವೆ.

ಹಣದ ಲೆಕ್ಕ ಸರಳ. ಪ್ರಕಾಶಕರು ಮುಂಗಡವನ್ನೂ ರಾಯಲ್ಟಿಯನ್ನೂ ಏಜೆನ್ಸಿಗೆ ಕಳುಹಿಸುತ್ತಾರೆ; ಏಜೆನ್ಸಿ ತನ್ನ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ನಿಮಗೆ ಕೊಡುತ್ತದೆ. ಆ ಪಾಲು ಈಗ ಸಾಮಾನ್ಯವಾಗಿ ಶೇಕಡಾ 15. ಅನುವಾದದ ಹಕ್ಕುಗಳು ಮತ್ತೊಂದು ದೇಶದ ಸಹ ಏಜೆಂಟರ ಮೂಲಕ ಮಾರಾಟವಾದರೆ ಬಹುಮಟ್ಟಿಗೆ 20. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಈ ವೃತ್ತಿಗೆ ರೂಪ ಕೊಟ್ಟ ಎ. ಪಿ. ವಾಟ್ ತೆಗೆದುಕೊಳ್ಳುತ್ತಿದ್ದುದು ಶೇಕಡಾ 10 ಎಂಬುದನ್ನು ಹಳೆಯ ಲೇಖಕರು ಇಂದಿಗೂ ಆಸೆಯಿಂದ ನೆನೆಯುತ್ತಾರೆ.

ಏಜೆನ್ಸಿಯ ಒಪ್ಪಂದಪತ್ರ ಕೈಗೆ ಬಂದಾಗ ಮೊದಲು ಅದರಿಂದ ಬಿಡುಗಡೆಯಾಗುವ ಷರತ್ತನ್ನು ಓದಿ. ಲಿಖಿತ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಹೊರಬರುವ ಅವಕಾಶ ಅದರಲ್ಲಿರಬೇಕು. ಅವರು ಮಾರಿಕೊಟ್ಟ ಪುಸ್ತಕದ ಕಮಿಷನ್ ನೀವು ಬೇರೆಯಾದ ಮೇಲೂ ಅವರಿಗೆ ಸಲ್ಲುತ್ತದೆ, ಅದು ಸಹಜ. ಆದರೆ ಅವರು ಮಾರದ ಪುಸ್ತಕಗಳ ಮೇಲೆ, ಇನ್ನೂ ಬರೆಯದ ಪುಸ್ತಕಗಳ ಮೇಲೆ ಹಕ್ಕು ಹೇಳುವ ಸಾಲೇನಾದರೂ ಇದ್ದರೆ, ಅದನ್ನು ತೆಗೆಸಿದ ನಂತರವೇ ಸಹಿ ಮಾಡಿ.